ಇಳಿಯುವ ಬಾಗಿಲು

೧೨ ಜನವರಿ

ಪ್ರೀತಿಯ ಅಕ್ಕ,

ಮೂರು ವರ್ಷ ಒಂದು ಸಾಲೂ ಹಾಕದವಳು ಈಗ ಬರೀತಿದ್ದಾಳೆ ಅಂದ್ರೆ ಏನೋ ಕೆಲಸ ಆಗಬೇಕಿದೆ ಅಂತ ಅಂದ್ಕೊಳ್ತೀಯ. ಹೌದು, ಆಗಬೇಕಿದೆ. ಅಮ್ಮನನ್ನ ಮಣ್ಣು ಮಾಡಿದ ದಿನ ನೀನು ಬರಲಿಲ್ಲ ಅನ್ನೋ ಸಿಟ್ಟು ಇನ್ನೂ ಕೂತಲ್ಲೇ ಕೂತಿದೆ. ಅದನ್ನ ಇವತ್ತು ಎಬ್ಬಿಸೋದಿಲ್ಲ. ಒಳಗೆ ಹೋದ ಸನ್ಯಾಸಿನಿ ಮತ್ತೆ ಹೊರಗೆ ಕಾಲಿಡೋ ಹಾಗಿಲ್ಲ ಅನ್ನೋ ನಿಮ್ಮ ಮಠದ ನಿಯಮ ನನಗೂ ಗೊತ್ತು.

ಮನಸ್ಸಿನ ಕಾಯಿಲೆಗೆ ಮಾತ್ರೆ ಬರೆಯೋ ಡಾಕ್ಟರು ನಾನು. ಆರು ವರ್ಷದಿಂದ ಅದರ ಜೊತೆಗೆ ಇನ್ನೊಂದು ವಿದ್ಯೆ ಕಲೀತಿದ್ದೀನಿ, ಮನೋವಿಶ್ಲೇಷಣೆ. ಇದರಲ್ಲಿ ಮಾತ್ರೆ ಇಲ್ಲ. ಬಂದವರು ಮಂಚದ ಮೇಲೆ ಮಲಗಿ ಮನಸ್ಸಿಗೆ ಬಂದಿದ್ದನ್ನೆಲ್ಲ, ಆರಿಸದೆ, ತೂಗದೆ, ಹೇಳ್ತಾ ಹೋಗಬೇಕು. ನಾವು ಅವರ ತಲೆಯ ಹಿಂದೆ ಕೂತು ಕೇಳಬೇಕು. ಮನೇಲಿ ಎಲ್ಲರ ಬಾಯಲ್ಲೂ ‘ಗೊರವಂಕ’ ಅಂತ ಕರೆಸಿಕೊಂಡವಳು ಬಾಯಿ ಮುಚ್ಚಿಕೊಂಡು ಕೂರೋ ಕಸುಬಿಗೆ ಬಿದ್ದಿದ್ದಾಳೆ, ನಗು.

ಆದರೆ ಇನ್ನೊಬ್ಬರ ಮಾತು ಕೇಳೋಕೆ ಮುಂಚೆ ನಾವೇ ಮಲಗಿ ಹೇಳಬೇಕು. ವಾರಕ್ಕೆ ಐದು ದಿನ. ಔಷಧದಂಗಡಿ ಮೇಲಿನ ಹಿಂಬದಿ ಕೋಣೆ. ಕಂದು ಬಣ್ಣದ ಮಂಚ, ದಿಂಬಿನ ಮೇಲೆ ಪ್ರತಿಯೊಬ್ಬರಿಗೂ ಹೊಸದಾಗಿ ಹಾಸೋ ಒಂದು ಕಾಗದದ ಕರವಸ್ತ್ರ, ಎದುರಿನ ಗೋಡೆಯಲ್ಲಿ ತೇವದ ಕಲೆ. ಕೇಳೋರನ್ನ ನಾನು ಮೇಷ್ಟ್ರು ಅಂತೀನಿ. ಅವರ ಮುಖ ಕಾಣೋದು ಬಾಗಿಲು ತೆಗೆಯುವಾಗ ಮತ್ತೆ ಬಾಗಿಲು ಹಾಕುವಾಗ, ಅಷ್ಟೇ. ಸಾಕು ಅಂತ ಅವರು ಹೇಳೋವರೆಗೂ ನನಗೆ ಈ ಕಸುಬು ಮಾಡೋ ಅಧಿಕಾರ ಇಲ್ಲ. ಯಾವಾಗ ಹೇಳ್ತಾರೆ ಅಂತ ಕೇಳೋ ಹಾಗೂ ಇಲ್ಲ.

ಈಗ ಸಂಸ್ಥೆಗೆ ಒಂದು ಪ್ರಬಂಧ ಒಪ್ಪಿಸಬೇಕು. ಒಂದು ದಿನ ಆ ತೇವದ ಕಲೆ ನೋಡ್ತಾ ಮಲಗಿದ್ದಾಗ ನೀನು ನೆನಪಾದೆ. ಬರಿದಾದ ಕೋಣೆ, ಗಂಟೆಗೆ ಸರಿಯಾಗಿ ಶುರು, ಗಂಟೆಗೆ ಸರಿಯಾಗಿ ಮುಕ್ತಾಯ, ತನ್ನ ಬಗ್ಗೆ ಏನೂ ಹೇಳದ ಹಿರಿಯರು, ಎಲ್ಲ ಹೇಳಿಕೊಳ್ಳೋ ಕಿರಿಯರು. ಇದು ನಮ್ಮೋರು ಕಂಡುಹಿಡಿದಿದ್ದೋ, ನಿಮ್ಮೋರಿಂದ ಬಂದಿದ್ದೋ? ಮರಳುಗಾಡಿನಲ್ಲಿದ್ದ ಹಳೇ ಸನ್ಯಾಸಿಗಳು ಶಿಷ್ಯರ ಯೋಚನೆಗಳನ್ನ ಕೇಳ್ತಿದ್ದರಂತಲ್ಲ, ಅದು ಹೇಗೆ ಅಂತ ಬರೆದು ತಿಳಿಸ್ತೀಯಾ?

ಒಂದು ಎಚ್ಚರಿಕೆ. ಎಲ್ಲ ಹೇಳಬೇಕು ಅನ್ನೋದು ನಿಯಮ ಆದ್ದರಿಂದ ನಿನ್ನ ಉತ್ತರವೂ ಆ ಮಂಚದ ಮೇಲೆ ಹೋಗುತ್ತೆ. ನೋಡ್ಕೊಂಡು ಬರಿ.

ನಿನ್ನ
ಗೊರವಂಕ


೨ ಫೆಬ್ರವರಿ

ಗೊರವಂಕ,

ನಿನ್ನ ಅಕ್ಷರ ನೋಡಿ ಕೈಯಲ್ಲಿದ್ದ ದುಪ್ಪಟಿಯನ್ನು ಮತ್ತೆ ನೀರಿಗೇ ಹಾಕಿದೆ. ಊರಿನ ಲಾಡ್ಜುಗಳ ಹಾಸುಹೊದಿಕೆ ಒಗೆಯುವುದೇ ನಮ್ಮ ಹೊಟ್ಟೆಪಾಡು, ನೆನಪಿರಬೇಕು.

ನೋಡಿಕೊಂಡು ಬರೆಯುವುದು ನನಗೆ ಅಭ್ಯಾಸವಾಗಿದೆ. ಇಲ್ಲಿಂದ ಹೋಗುವ ಕಾಗದ, ಇಲ್ಲಿಗೆ ಬರುವ ಕಾಗದ ಎರಡನ್ನೂ ಮಠದ ಹಿರಿಯರಾದ ಮದರ್ ಓದುತ್ತಾರೆ. ಹಾಗಾದರೆ ನಾವಿಬ್ಬರು ಮಾತಾಡುತ್ತಿರುವುದು ನಾಲ್ಕು ಜನರಾಗಿ. ಮದರ್ ನಿನ್ನ ಮೇಷ್ಟರಿಗೆ ನಮಸ್ಕಾರ ಹೇಳಿದ್ದಾರೆ. (ತಮಾಷೆಗೆ ಬರೆದೆ, ಮದರ್. ನೀವು ಹೇಳಿಲ್ಲ.)

ಈಗ ನಿನ್ನ ಪ್ರಶ್ನೆ. ಪಾಪನಿವೇದನೆ ಬೇರೆ, ಯೋಚನೆ ತೆರೆದಿಡುವುದು ಬೇರೆ, ಇವೆರಡನ್ನು ಕಲಸಬೇಡ. ಪಾಪ ಹೇಳುವುದು ಪಾದ್ರಿಗಳ ಹತ್ತಿರ, ಅದಕ್ಕೆ ಕ್ಷಮೆ ಸಿಗುತ್ತದೆ. ಯೋಚನೆ ಹೇಳುವುದು ಹಿರಿಯರ ಹತ್ತಿರ; ಅದಿನ್ನೂ ಏನೂ ಆಗಿಲ್ಲ, ಬರೀ ಬಂದು ಹೋಗಿದೆ. ಅದಕ್ಕೆ ಕ್ಷಮೆಯಿಲ್ಲ, ಶಿಕ್ಷೆಯಿಲ್ಲ. ಕೇಳುವವರು ಕೇಳುತ್ತಾರೆ. ಬಚ್ಚಿಟ್ಟ ಯೋಚನೆ ಬೆಳೆಯುತ್ತದೆ, ಹೇಳಿದ್ದು ಸೊರಗುತ್ತದೆ ಎಂದು ಆ ಹಿರಿಯರು ಕಂಡುಕೊಂಡಿದ್ದರು. ಯೋಚನೆಗಳಲ್ಲಿ ಎಂಟು ಬಗೆ ಎಂದು ವಿಂಗಡಿಸಿದ್ದರು. ಬಂದ ಯೋಚನೆಯನ್ನು ಹೊಸ್ತಿಲಲ್ಲೇ ನಿಲ್ಲಿಸಿ, ನೀನು ಯಾರ ಕಡೆಯವನು ಎಂದು ವಿಚಾರಿಸಬೇಕು.

ಎಂಟರಲ್ಲಿ ಕೆಟ್ಟದ್ದು ಮಧ್ಯಾಹ್ನ ಬರುತ್ತದೆ. ಅದನ್ನು ದೆವ್ವ ಎಂದೇ ಕರೆದರು. ಸೂರ್ಯ ಕದಲುವುದೇ ಇಲ್ಲ ಅನ್ನಿಸುತ್ತದೆ. ಕೋಣೆ ಕಿರಿದಾಗುತ್ತದೆ. ಇಲ್ಲಿ ಯಾರಿಗೂ ನಾನು ಬೇಡ, ಬೇರೆಲ್ಲಾದರೂ ಇದ್ದರೆ ನಾಲ್ಕು ಜನಕ್ಕೆ ಉಪಯೋಗವಾಗುತ್ತಿದ್ದೆ ಅನ್ನಿಸುತ್ತದೆ. ಇದಕ್ಕೆ ಒಂದೇ ಮದ್ದು: ಕೋಣೆ ಬಿಟ್ಟು ಏಳಬಾರದು.

ಕಳೆದ ವರ್ಷದಿಂದ ಹೊಸಬರನ್ನು ನೋಡಿಕೊಳ್ಳುವ ಹೊಣೆ ನನಗೆ ಬಂದಿದೆ, ಅವರ ಯೋಚನೆ ಕೇಳುವ ಕೆಲಸವೂ. ಹೊಸಬರು ಎಂದರೆ ಒಬ್ಬಳೇ. ನಲವತ್ತಾರು ವರ್ಷದವಳು. ಮೊದಲು ನಗರದ ಬಸ್ಸು ಓಡಿಸುತ್ತಿದ್ದಳು, ಅದಕ್ಕೇ ನಾವೆಲ್ಲ ಅವಳನ್ನು ಬಸ್ಸಮ್ಮ ಅನ್ನುತ್ತೇವೆ. ಅಕ್ಟೋಬರಿನಲ್ಲಿ ಅವಳು ಬದುಕಿಡೀ ಇಲ್ಲೇ ಇರುವ ಕಡೆಯ ವ್ರತ ತೆಗೆದುಕೊಳ್ಳಬೇಕು. ಅವಳಿಗೆ ಈಗ ಆ ಮಧ್ಯಾಹ್ನ ನಡೆಯುತ್ತಿದೆ.

ಪ್ರೀತಿಯಿಂದ,
ಅಕ್ಕ


೨೦ ಫೆಬ್ರವರಿ

ಅಕ್ಕ,

ನಿನ್ನ ಕಾಗದ ಮಂಚದ ಮೇಲೆ ಮಲಗಿ ಪೂರ್ತಿ ಓದಿದೆ. ಆಮೇಲೆ ಮೇಷ್ಟ್ರು ಕೇಳಿದರು, “ನಿಮ್ಮ ಅಕ್ಕ ಒಳಗಿದ್ದಾರೆ, ನೀವು ಹೊರಗಿದ್ದೀರಿ ಅಂತ ನಂಬಿದ್ದೀರಾ?” ಹೊತ್ತಾಯಿತು, ಎದ್ದು ಬಂದೆ. ಮೆಟ್ಟಿಲ ಮೇಲೆ ನಿಂತುಬಿಟ್ಟೆ ಕಣೇ. ಔಷಧದಂಗಡಿ ಹುಡುಗಿ “ಏನಾಯ್ತು ಡಾಕ್ಟ್ರೇ, ಏನಾದ್ರೂ ಬಿಟ್ಟು ಬಂದ್ರಾ?” ಅಂದಳು.

ನಿಮ್ಮ ಮಧ್ಯಾಹ್ನದ ದೆವ್ವ ಓದಿ ನಾನು ಬೆವತೆ. ಯಾಕೆ ಗೊತ್ತಾ? ಬಂದರಿನ ಊರಲ್ಲಿ ಒಂದು ಸರ್ಕಾರಿ ಆಸ್ಪತ್ರೆ ಇದೆ. ಮನೋರೋಗದ ವಾರ್ಡಿಗೆ ಡಾಕ್ಟರೇ ಇಲ್ಲ. ನನ್ನನ್ನ ಕರೆದಿದ್ದಾರೆ. ಹೋಗಬೇಕು ಅನ್ನಿಸ್ತಿದೆ. ಮೇಷ್ಟ್ರಿಗೆ ಹೇಳಿದೆ. “ಪ್ರತಿರೋಧ” ಅಂದರು. ಅಂದರೆ, ಒಳಗಿನ ಏನನ್ನೋ ನೋಡೋದು ಬೇಡ ಅಂತ ಮನಸ್ಸು ಓಡಿಹೋಗೋ ದಾರಿ ಹುಡುಕ್ತಿದೆ ಅಂತ. ಇರಬಹುದು. ಆದರೆ ಹೋಗ್ತೀನಿ ಅಂದ್ರೆ ಪ್ರತಿರೋಧ, ಸಿಟ್ಟು ಬಂದ್ರೆ ಅದರ ಇನ್ನೊಂದು ಮುಖ, ಸರಿ ಬಿಡಿ ಇರ್ತೀನಿ ಅಂದ್ರೆ ಶರಣಾಗತಿಯ ನಾಟಕ. ಮೊನ್ನೆ ಸೀನಿದೆ, ಅದಕ್ಕೂ ಅವರ ಪೆನ್ನಿನ ಸದ್ದು ಕೇಳಿಸಿತು. ಇಲಿಬೋನಿಗೂ ಒಂದು ಬಾಗಿಲು ಇರುತ್ತೆ, ಇದಕ್ಕೆ ಅದೂ ಇಲ್ಲ. ಯಾಕಂದ್ರೆ ಬೋನು ಇದೆ ಅನ್ನೋದೇ ನನ್ನ ಕಾಯಿಲೆ.

ಪ್ರಬಂಧಕ್ಕೆ ಒಂದು ಪ್ರಶ್ನೆ: ನೀನು ಬಸ್ಸಮ್ಮನ ಯೋಚನೆ ಕೇಳ್ತೀಯ. ನಿನ್ನ ಯೋಚನೆ ಯಾರು ಕೇಳ್ತಾರೆ?

ಗೊರವಂಕ


೧೫ ಮಾರ್ಚ್

ಗೊರವಂಕ,

ನನ್ನ ಯೋಚನೆ ಮದರ್ ಕೇಳುತ್ತಾರೆ. ಮದರ್ ಅವರದು ಯಾರು ಕೇಳುತ್ತಾರೆ ಎಂದು ನನಗೆ ಗೊತ್ತಿಲ್ಲ. ಮರಳುಗಾಡಿನ ಹಿರಿಯರಿಗೆ ಅವರಿಗಿಂತ ಹಿರಿಯರೊಬ್ಬರು ಇರುತ್ತಿದ್ದರು. ನಿನ್ನ ಮೇಷ್ಟರಿಗೆ ಇದ್ದಾರೆಯೇ?

ನಿನಗೆ ಕೊಡಲು ನನ್ನ ಹತ್ತಿರ ಉಪದೇಶವಿಲ್ಲ. ಹೋಗಬೇಕು ಅನ್ನಿಸುವ ಎಲ್ಲರಿಗೂ ಇರು ಎನ್ನುವುದನ್ನೇ ಕಲಿತವಳು ನಾನು.

ಬಸ್ಸಮ್ಮನಿಗೆ ಗುಣವಾಗುತ್ತಿಲ್ಲ. ಒಂದೇ ದುಪ್ಪಟಿಯನ್ನು ಬೆಳಗಿನಿಂದ ಒಗೆಯುತ್ತಾಳೆ. ಬಟ್ಟೆ ಶುಭ್ರವಾಗಿದೆ ಎಂದರೆ “ಇಲ್ಲಕ್ಕಾ, ನೋಡಿ ಇಲ್ಲಿ” ಎಂದು ಬರೀ ಬಿಳಿ ತೋರಿಸುತ್ತಾಳೆ. ಊಟ ಕೆದಕಿ ಬಿಡುತ್ತಾಳೆ. ಬಂದಾಗ ಅಡುಗೆಮನೆಯವರನ್ನೆಲ್ಲ ನಗಿಸುತ್ತಿದ್ದವಳು. ಪಾತ್ರೆ ತೊಳೆಯುವ ಕಡೆ ನುಗ್ಗಾಟವಾದರೆ “ಮುಂದೆ ಹೋಗಿ, ಮುಂದೆ ಹೋಗಿ, ಒಳಗೆ ಜಾಗ ಇದೆ” ಎಂದು ಕೂಗುತ್ತಿದ್ದಳು. ಈಗ ಯೋಚನೆ ಹೇಳಲು ಬಂದು ಕೂತರೆ ಒಂದೇ ಮಾತು: “ನಂಗೆ ಇಲ್ಲಿಂದ ಇಳೀಬೇಕಕ್ಕ.” ದೆವ್ವ ಹಾಗೆ ಹೇಳಿಸುತ್ತದೆ, ಕೋಣೆಯಲ್ಲಿ ಕೂತಿರು, ಹಾದುಹೋಗುತ್ತದೆ ಎನ್ನುತ್ತೇನೆ. ಅವಳು ಹೋಗಿ ಕೂರುತ್ತಾಳೆ. ಹೇಳಿದ ಮಾತು ಕೇಳುವವಳು.

ಅವಳಿಗಾಗಿ ಪ್ರಾರ್ಥಿಸು, ನಿನಗೆ ಈಗ ಆ ಅಭ್ಯಾಸ ಇಲ್ಲದಿದ್ದರೂ.

ಅಕ್ಕ


೧೮ ಮಾರ್ಚ್

ಅಕ್ಕ, ಮತ್ತೆ ಇದನ್ನು ಮೊದಲು ಓದುವ ಮದರ್ ಅವರಿಗೂ,

ಇದನ್ನ ಡಾಕ್ಟರಾಗಿ ಬರೀತಿದ್ದೀನಿ. ಊಟ ಬಿಟ್ಟಿದ್ದಾಳೆ, ನಗು ಬಿಟ್ಟಿದ್ದಾಳೆ, ಇಲ್ಲದ ಕಲೆ ಕಾಣ್ತಿದೆ. ಇದು ಕೂತು ಹಾದುಹೋಗೋ ಮಧ್ಯಾಹ್ನ ಅಲ್ಲ, ಕಾಯಿಲೆ. ಔಷಧ ಇದೆ, ವಾಸಿಯಾಗುತ್ತೆ.

ಅಕ್ಕ, ಅವಳು ‘ಇಲ್ಲಿಂದ ಇಳೀಬೇಕು’ ಅಂದಳು. ‘ಇಲ್ಲಿಂದ’ ಅಂದರೆ ಮಠದಿಂದ ಅಂತ ನಿನಗೆ ಹೇಳಿದ್ದು ಯಾರು? ಅವಳೇ ಹೇಳಿದಳಾ, ನೀನೇ ತುಂಬಿಕೊಂಡೆಯಾ? ಎಲ್ಲಿಂದ ಅಂತ ಒಂದು ಸಲ ಕೇಳು. ಕೇಳಿ, ಸುಮ್ಮನಿರು. ಉತ್ತರ ಬರೋವರೆಗೂ ಬಾಯಿ ತೆರೀಬೇಡ. ತಕ್ಷಣ ಬರಿ.

ತಂಗಿ


೪ ಏಪ್ರಿಲ್

ಅಕ್ಕ,

ಉತ್ತರ ಇಲ್ಲ. ಹಿಂದಿನ ಕಾಗದ ನಿನ್ನ ಕೈಗೆ ಬಂದಿದೆಯೋ ಇಲ್ಲವೋ ಅಂತ ನಿನ್ನನ್ನೇ ಹೇಗೆ ಕೇಳಲಿ? ಇದೂ ಅದೇ ಮೇಜಿನ ಮೇಲೆ ಹೋಗುತ್ತೆ.

ಗುರುವಾರ ನಾನೇ ಬರ್ತೀನಿ. ಭೇಟಿ ಕೋಣೆಯಲ್ಲಿ ಜಾಲರಿಯ ಈಚೆ ಕೂತಿರ್ತೀನಿ, ನೀನು ಬರೋವರೆಗೂ ಏಳೋದಿಲ್ಲ. ಮೇಷ್ಟ್ರಿಗೆ ಹೇಳಿದೆ. “ಇಲ್ಲಿ ಮಾತಾಡಬೇಕಾದ್ದನ್ನ ಅಲ್ಲಿ ಹೋಗಿ ಮಾಡ್ತಿದ್ದೀರಿ” ಅಂದರು. ಹೌದು ಸಾರ್, ಹೋಗಿ ಮಾಡ್ತಿದ್ದೀನಿ ಅಂದೆ.

ತಂಗಿ


೧೧ ಏಪ್ರಿಲ್

ಗೊರವಂಕ,

ಇದನ್ನು ಆಸ್ಪತ್ರೆಯ ಕಾರಿಡಾರಿನ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ನರ್ಸಮ್ಮ ಅಂಚೆಗೆ ಹಾಕುತ್ತಾರೆ. ಇದನ್ನು ಯಾರೂ ಓದಿಲ್ಲ. ನೀನೂ ಯಾರಿಗೂ ಓದಿ ಹೇಳಬೇಡ.

ಆವತ್ತು ಜಾಲರಿಯ ಆಚೆ ನಿನ್ನನ್ನು ನೋಡಿ, ನನ್ನ ತಂಗಿಗೆ ನರೆ ಬಂದಿದೆಯಲ್ಲ ಎಂದುಕೊಳ್ಳುತ್ತಿದ್ದೆ. ಹಾಗಾಗಿ ನೀನು ಮೊದಲು ಹೇಳಿದ್ದು ಕಿವಿಗೆ ಬೀಳಲಿಲ್ಲ. ನನ್ನ ಪಕ್ಕದಲ್ಲಿ ಮದರ್ ಕೂತಿದ್ದರು. “ನನ್ನ ಕಾಗದ ಅಕ್ಕನಿಗೆ ಕೊಟ್ರಾ?” ಎಂದು ನೀನು ಅವರನ್ನೇ ಕೇಳಿದಾಗ ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವರು ತಣ್ಣಗೆ “ಕೊಟ್ಟಿಲ್ಲ” ಎಂದರು. “ನಾನೂ ಆ ವಯಸ್ಸಲ್ಲಿ ಹೀಗೇ ಇದ್ದೆ ಮಗಳೇ. ಎರಡು ವರ್ಷ. ಕೂತೆ, ಹೋಯ್ತು.” ನೀನು ಹೇಳಿದೆ, “ನಿಮಗೆ ಹೋಯ್ತು. ಹೋಗದೇ ಇದ್ದೋರು ಬಂದು ನಿಮಗೆ ಹೇಳೋದಿಲ್ಲ ಮದರ್, ಅವರು ಇರೋದಿಲ್ಲ.” ಗಂಟೆ ಹೊಡೆಯಿತು, ನಾವು ಎದ್ದೆವು. ಇಳೀಬೇಕು ಅನ್ನೋದು ಎಲ್ಲಿಂದ ಅಂತ ಅವಳನ್ನ ಕೇಳು, ಕೇಳಿ ಸುಮ್ಮನಿರು ಎಂದು, ಊರಿನ ಆಸ್ಪತ್ರೆಯ ಡಾಕ್ಟರ ಹೆಸರನ್ನೂ ನೀನು ಕೂಗಿ ಹೇಳುತ್ತಲೇ ಇದ್ದೆ.

ಮಾರನೆಯ ಬೆಳಿಗ್ಗೆ ಬಟ್ಟೆ ಹರವುವ ಅಂಗಳದಲ್ಲಿ ಬಸ್ಸಮ್ಮನ ಪಕ್ಕ ಕೂತು ಕೇಳಿದೆ. “ಇಳೀಬೇಕು ಅಂತೀಯಲ್ಲ, ಎಲ್ಲಿಂದ?” ನೀನು ಹೇಳಿದ ಹಾಗೆ ಸುಮ್ಮನಿದ್ದೆ. ಎಷ್ಟು ಕಷ್ಟ ಅದು! ಬಾಯಿಗೆ ಹತ್ತು ಉತ್ತರ ಬಂದವು, ಎಲ್ಲ ನುಂಗಿದೆ. ಕೊನೆಗೆ ಅವಳು ಹೇಳಿದಳು, “ಎಲ್ಲದರಿಂದ ಅಕ್ಕ. ಮಠ ಏನು ಮಾಡಿದೆ ಪಾಪ.” ಅವಳ ತೋಳಿನ ಮೇಲೆ ಬಟ್ಟೆ ಕಟ್ಟುವ ಹಗ್ಗದ ಸುತ್ತೊಂದು ಇತ್ತು. ನಾನು ಅದನ್ನು ತೆಗೆದುಕೊಂಡೆ. ಅವಳು ಕೊಟ್ಟಳು, ಮಗು ಆಟದ ಸಾಮಾನು ಕೊಟ್ಟ ಹಾಗೆ.

ನಾನು ಯೋಚಿಸಲಿಲ್ಲ. ಯೋಚನೆ ಯಾರ ಕಡೆಯದು ಎಂದು ವಿಚಾರಿಸುವಷ್ಟು ಹೊತ್ತು ಇರಲಿಲ್ಲ. ಅವಳ ಕೈ ಹಿಡಿದು ಅಂಗಳ ದಾಟಿ, ಲಾಡ್ಜಿನ ವ್ಯಾನಿಗೆ ಗಂಟು ಏರಿಸಲು ತೆರೆದಿದ್ದ ದೊಡ್ಡ ಬಾಗಿಲಿಗೆ ಬಂದೆ. ಬಾಗಿಲಲ್ಲಿ ಮದರ್ ನಿಂತಿದ್ದರು.

“ಎಲ್ಲಿಗೆ?”

“ಆಸ್ಪತ್ರೆಗೆ, ಮದರ್.”

“ನಾನು ಅಪ್ಪಣೆ ಕೊಟ್ಟಿಲ್ಲ.”

“ಹೌದು ಮದರ್. ನೀವು ಕೊಟ್ಟಿಲ್ಲ.”

ಅವರು ದಾರಿ ಬಿಡಲಿಲ್ಲ. ತಡೆಯಲೂ ಇಲ್ಲ. ನಾನು ಅವರ ಭುಜಕ್ಕೆ ಭುಜ ತಾಗಿಸಿಕೊಂಡೇ ಹೊರಗೆ ಬಂದೆ. ಇಪ್ಪತ್ತೆರಡು ವರ್ಷದ ಮೇಲೆ. ವ್ಯಾನಿನವನು ಒಗೆದ ಗಂಟುಗಳ ಮೇಲೆ ನಮ್ಮಿಬ್ಬರನ್ನೂ ಕೂರಿಸಿಕೊಂಡ. ರಸ್ತೆಯ ಸದ್ದು ಅಷ್ಟು ಜೋರಾಗಿರುತ್ತದೆ ಎಂದು ಮರೆತಿದ್ದೆ.

ಡಾಕ್ಟರು ನೋಡಿದ್ದಾರೆ. ಸರಿಯಾದ ಹೊತ್ತಿಗೆ ಬಂದಿರಿ ಎಂದರು. ಅವಳು ನಿದ್ದೆ ಮಾಡುತ್ತಿದ್ದಾಳೆ. ನನಗೆ ಇಲ್ಲಿ ಗಂಟೆ ಹೊಡೆಯುವವರಿಲ್ಲದೆ ಯಾವಾಗ ಉಣ್ಣಬೇಕೆಂದು ತಿಳಿಯುತ್ತಿಲ್ಲ.

ಅಕ್ಕ


೧೭ ಏಪ್ರಿಲ್

ಅಕ್ಕ,

ಈ ಕಾಗದ ನಿನಗೆ ಆಸ್ಪತ್ರೆಯಲ್ಲೇ ಸಿಗಲಿ.

ನೀನು ಮಾಡಿದ್ದು ಸರಿ. ಇದನ್ನ ಮೊದಲು ಹೇಳಿಬಿಡ್ತೀನಿ, ಯಾಕಂದ್ರೆ ಮುಂದೆ ಹೇಳೋದು ಸರಿಯಲ್ಲ. ನಿನ್ನ ಕಾಗದ ಓದಿ ಖುಷಿಯಾಯ್ತು. ಅದರ ಬೆನ್ನಿಗೇ ಅಡುಗೆಮನೆಯಲ್ಲಿ ಕುಕ್ಕರಗಾಲಲ್ಲಿ ಕೂತು ಅತ್ತೆ. ಬಸ್ಸಮ್ಮನಿಗೆ ತೆರೆದ ಬಾಗಿಲು ಅಮ್ಮನಿಗೆ ಯಾಕೆ ತೆರೀಲಿಲ್ಲ? ಅಮ್ಮ ಕೊನೇ ವಾರ ಪೂರ್ತಿ ಬಾಗಿಲ ಕಡೆಗೇ ನೋಡ್ತಿದ್ದಳು. ಉತ್ತರ ಬೇಡ. ಇದಕ್ಕೆ ಉತ್ತರ ಇಲ್ಲ ಅಂತ ಗೊತ್ತು. ಆದರೂ ನಿನಗೆ ಹೇಳದೆ ಮೇಷ್ಟ್ರಿಗೆ ಹೇಳೋದು ಸಾಕಾಗಿತ್ತು.

ನಿನ್ನ ಮಾತು ಉಳಿಸಿಕೊಂಡಿದ್ದೀನಿ. ಸೋಮವಾರ ಮಲಗಿದ ಕೂಡಲೇ ಹೇಳಿದೆ, “ಅಕ್ಕನ ಒಂದು ಕಾಗದ ಬಂದಿದೆ. ಅದನ್ನ ಇಲ್ಲಿ ಹೇಳೋದಿಲ್ಲ.” ಪೆನ್ನಿನ ಸದ್ದು ಬರುತ್ತೆ ಅಂತ ಕಾದೆ. ಬರಲಿಲ್ಲ. ಪ್ರತಿರೋಧ ಅಂತ ನೀವು ಅನ್ನಬಹುದು, ಅನ್ನಿ, ಆದರೂ ಹೇಳೋದಿಲ್ಲ ಅಂದೆ. ಆರು ವರ್ಷದಲ್ಲಿ ಅವರ ಮುಂದೆ ಒಂದು ವಿಷಯ ನನ್ನದು ಅಂತ ಇಟ್ಟುಕೊಂಡಿದ್ದು ಇದೇ ಮೊದಲು. ಹಿಂದಿನಿಂದ ಒಂದು ಮಾತು ಬಂತು. “ಸರಿ.”

ಅಷ್ಟೇ. ಅವರಿಗೆ ಅವರ ಹಿರಿಯರು ಇದ್ದಾರೋ ಇಲ್ಲವೋ, ನಾನು ಕೇಳಲಿಲ್ಲ.

ಗೊರವಂಕ


೯ ಮೇ

ಪ್ರಿಯ ತಂಗಿ,

ನಾನು ಮಠಕ್ಕೆ ಹಿಂತಿರುಗಿದ್ದೇನೆ. ಕ್ಷೇಮವಾಗಿದ್ದೇನೆ. ಹೊಸಬರ ಹೊಣೆಯನ್ನು ಬೇರೆಯವರಿಗೆ ವಹಿಸಲಾಗಿದೆ. ನಾನು ಇಸ್ತ್ರಿ ಕೋಣೆಯಲ್ಲಿದ್ದೇನೆ. ಮುಂದಿನ ಕಾಗದಕ್ಕೆ ಅಪ್ಪಣೆ ಸಿಗುವವರೆಗೆ ನೀನೂ ಬರೆಯಬೇಡ.

ದೇವರು ನಿನ್ನನ್ನು ಕಾಪಾಡಲಿ.

ಅಕ್ಕ


೨೮ ಆಗಸ್ಟ್

ಅಕ್ಕ,

ಬರೆಯಬೇಡ ಅಂದಿದ್ದೆ, ಬರೀತಿದ್ದೀನಿ. ತಡೆಹಿಡಿಯೋದಾದರೆ ಹಿಡೀಲಿ, ಮದರ್ ಒಬ್ಬರಾದರೂ ಓದಲಿ.

ಬಸ್ಸಮ್ಮ ನನ್ನ ಮನೆಗೆ ಬಂದಿದ್ದಳು, ಅವಳ ತಂಗಿ ಮನೆಗೆ ಹೋಗೋ ದಾರಿಯಲ್ಲಿ. ಮೈ ತುಂಬಿಕೊಂಡಿದ್ದಾಳೆ. ಔಷಧ ಇನ್ನೊಂದು ವರ್ಷ ಬೇಕು. ಬಸ್ಸಿನ ಕಂಪನಿಯವರು ಆಫೀಸಿನಲ್ಲಿ ಕೆಲಸ ಕೊಡ್ತೀವಿ ಅಂದರಂತೆ. ಏನು ಮಾಡ್ತೀಯಮ್ಮ ಅಂದೆ. “ವಾಪಸ್ ಮಠಕ್ಕೇ ಹೋಗ್ತೀನಿ ಡಾಕ್ಟ್ರೇ” ಅಂದಳು! ನನ್ನ ಕೈಲಿದ್ದ ಲೋಟ ಕೈಲೇ ಉಳೀತು. ಮತ್ತೆ ಅಲ್ಲಿಗಾ? “ನಂಗೆ ಅಲ್ಲಿ ಇರೋಕೇ ಇಷ್ಟ. ಆವಾಗ ಇಳಿಯೋ ಬಾಗಿಲು ವೆಲ್ಡ್ ಮಾಡಿದ ಹಾಗಿತ್ತು. ಅಕ್ಕ ತೆಗೆದು ತೋರಿಸಿದ್ರಲ್ಲ. ಇಳಿಯೋಕಾಗುತ್ತೆ ಅಂತ ಗೊತ್ತಾದ್ಮೇಲೆ ಕೂತ್ಕೊಳ್ಳೋದೇ ಬೇರೆ.” ಎರಡು ತಟ್ಟೆ ಊಟ ಮಾಡಿ ಹೋದಳು.

ನಾನು ಬಂದರಿನ ಆಸ್ಪತ್ರೆಗೆ ಹೂಂ ಅಂದೆ. ಜನವರಿಯಿಂದ. ಅಲ್ಲಿವರೆಗೂ ವಾರಕ್ಕೆ ಐದು ದಿನ ಮಲಗೋಕೆ ಹೋಗ್ತೀನಿ, ಮುಗಿಸಿಯೇ ಹೋಗ್ತೀನಿ. ಅರ್ಧ ವಾಕ್ಯದಲ್ಲಿ ಎದ್ದು ಬಂದ ಹಾಗೆ ಆಗಬಾರದು. ಪ್ರಬಂಧ ಒಪ್ಪಿಸಿದೆ. ನಮ್ಮ ಕಸುಬು ನಿಮ್ಮ ಕೋಣೆಗಳಿಂದ ಏನೇನು ತಂದಿದೆ ಅಂತ ಮೊದಲರ್ಧ, ನಿಮ್ಮೋರ ತಪ್ಪನ್ನೂ ಗಂಟು ಕಟ್ಟಿಕೊಂಡು ಬಂದಿದೆ ಅಂತ ಉಳಿದರ್ಧ. ಉಳಿದರ್ಧ ತೆಗೀರಿ ಅಂತ ಸಂಸ್ಥೆಯವರು ಅಂದಿದ್ದಾರೆ. ತೆಗೆಯೋದಿಲ್ಲ.

ನೀನು ಹೇಗಿದ್ದೀಯ?

ಗೊರವಂಕ


೩ ನವೆಂಬರ್

ಗೊರವಂಕ,

ಬರೆಯಲು ಅಪ್ಪಣೆ ಸಿಕ್ಕಿದ್ದು ಮೊನ್ನೆ. ನಿನ್ನ ಆಗಸ್ಟಿನ ಕಾಗದ ಸೆಪ್ಟೆಂಬರಿನಲ್ಲೇ ಕೈಗೆ ಬಂತು. ಮದರ್ ತಾವೇ ಇಸ್ತ್ರಿ ಕೋಣೆಗೆ ತಂದು ಕೊಟ್ಟರು. ಕೊಟ್ಟು ಹೋಗಲಿಲ್ಲ. ಮಡಿಸಿಟ್ಟ ದುಪ್ಪಟಿಗಳ ರಾಶಿಯ ಪಕ್ಕ ಒಂದು ಸ್ಟೂಲು ಎಳೆದುಕೊಂಡು ಕೂತರು. ಅವರಿಗೆ ಎಪ್ಪತ್ತೆಂಟು. ಮಂಡಿ ಬಗ್ಗುವುದಿಲ್ಲ. “ನೀನು ಕೆಲಸ ನಿಲ್ಲಿಸಬೇಡ” ಎಂದರು. ನಾನು ಇಸ್ತ್ರಿ ಹಾಕುತ್ತಾ ಹೋದೆ, ಅವರು ಹೇಳುತ್ತಾ ಹೋದರು. ಮಧ್ಯಾಹ್ನದ ಗಂಟೆ ಹೊಡೆಯಿತು, ಇಬ್ಬರೂ ಏಳಲಿಲ್ಲ.

ಅವರು ಏನು ಹೇಳಿದರು ಎಂದು ನಿನಗೆ ಬರೆಯುವುದಿಲ್ಲ. ಅವರಿಗಿಂತ ಹಿರಿಯರು ಇಲ್ಲಿ ಯಾರೂ ಉಳಿದಿಲ್ಲ ಎನ್ನುವುದಷ್ಟೇ ನೀನು ತಿಳಿದರೆ ಸಾಕು.

ಹೋಗುವ ಮುನ್ನ “ಈಗ ನಿನ್ನದು ಹೇಳು” ಎಂದರು. ಹೇಳಿದೆ. ಆಸ್ಪತ್ರೆಯಿಂದ ಬಂದ ಮೇಲೆ ಹೊರಗೆ ಹೋಗಬೇಕೆನ್ನುವ ಯೋಚನೆ ಬಂದಿದೆ. ಹೊಸ್ತಿಲಲ್ಲಿ ನಿಲ್ಲಿಸಿ ವಿಚಾರಿಸಿದ್ದೇನೆ. ಮಧ್ಯಾಹ್ನ ಮಾತ್ರ ಬರುವುದಲ್ಲ ಇದು, ಬೆಳಿಗ್ಗೆ ಎದ್ದಾಗಲೂ ಇರುತ್ತದೆ. ಈ ಯೋಚನೆ ಅವಸರ ಮಾಡುವುದಿಲ್ಲ. ಯಾರ ಮೇಲೂ ದೂರು ಹೇಳುವುದಿಲ್ಲ. ಯಾರ ಕಡೆಯದು ಎಂದು ಇನ್ನೂ ತಿಳಿದಿಲ್ಲ. “ಕೂತಿರು, ಹಾದುಹೋಗುತ್ತದೆ” ಎನ್ನುತ್ತಾರೆ ಎಂದುಕೊಂಡೆ. ಅವರು ದುಪ್ಪಟಿಯ ಅಂಚು ಸರಿಮಾಡುತ್ತಾ, “ಗೊತ್ತಾಗೋಕೆ ಎಷ್ಟು ದಿನ ಬೇಕು?” ಎಂದರು.

ಒಂದು ವರ್ಷ ಹೊರಗಿದ್ದು ನೋಡಲು ಅಪ್ಪಣೆ ಕೊಡಿಸಿದ್ದಾರೆ. ವ್ರತ ಹಾಗೇ ಇರುತ್ತದೆ, ಬಾಗಿಲೂ ಇರುತ್ತದೆ. ವರ್ಷದ ಕೊನೆಗೆ ನಾನು ಯಾವ ಕಡೆಯಿಂದ ಅದನ್ನು ತಟ್ಟುತ್ತೇನೋ ಈಗ ಹೇಳಲಾರೆ. ನನಗೆ ಭಯವಾಗಿದೆ ಕಣೇ. ಬಸ್ಸಮ್ಮ ಸೋಮವಾರ ಬಂದಳು, ಕಡೆಯ ವ್ರತಕ್ಕೆ ಅವಳಿಗೆ ಮುಂದಿನ ವರ್ಷದವರೆಗೆ ಕಾಲ ಕೊಟ್ಟಿದ್ದಾರೆ. ನನ್ನ ಇಸ್ತ್ರಿ ಪೆಟ್ಟಿಗೆ ಈಗ ಅವಳ ಕೈಗೆ. ಅವಳು ಒಳಗೆ, ನಾನು ಹೊರಗೆ. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ನಕ್ಕೆವು.

ಅಮ್ಮನ ಬಗ್ಗೆ ನೀನು ಕೇಳಿದ್ದಕ್ಕೆ ನನ್ನಲ್ಲಿ ಈಗಲೂ ಉತ್ತರವಿಲ್ಲ. ಎದುರು ಕೂತಾಗ ಇನ್ನೊಂದು ಸಲ ಕೇಳು. ಜಾಲರಿ ಇಲ್ಲದೆ ಕೇಳು.

ಇದೇ ಹನ್ನೆರಡಕ್ಕೆ ಹೊರಡುತ್ತೇನೆ. ನಿನ್ನ ಮನೆ ಸಿಗುವವರೆಗೆ ಎರಡು ಕಡೆ ಬಸ್ಸು ಬದಲಾಯಿಸಬೇಕು ಎಂದು ಬಸ್ಸಮ್ಮ ಹೇಳಿದ್ದಾಳೆ. ನೀನು ಕರೆದುಕೊಂಡು ಹೋಗಲು ಬಸ್ ಸ್ಟ್ಯಾಂಡಿಗೆ ಬರಬೇಡ. ತಡವಾದರೂ ಗಾಬರಿಯಾಗಬೇಡ. ದಾರಿ ತಪ್ಪಿದರೆ ಯಾರನ್ನಾದರೂ ಕೇಳಿಕೊಂಡು ನಾನೇ ಬರುತ್ತೇನೆ.

ನಿನ್ನ
ಅಕ್ಕ